ಹೃದಯದ ತೂತು ಮತ್ತು ಮೈಸೂರಿನ ಪೇಪರುಗಳು

ಕೂಸಿನ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಆಲಿಸಿದ ಮಕ್ಕಳ ಡಾಕ್ಟರು, ಬಡಿತದ ನಡುವೆ ಬೇಡದ ಸದ್ದು ಕೇಳಿಸಿದರೆ, ಅಪ್ಪ ಅಮ್ಮನ ಕಡೆ ತಿರುಗಿ ಒಂದಷ್ಟು ಪ್ರಶ್ನೆ ಕೇಳುತ್ತಾರೆ. ಹಾಲು ಕುಡಿಯುವಾಗ ಕೂಸು ಬೆವರುತ್ತದೆಯೇ? ನಡುನಡುವೆ ಬಿಟ್ಟು ಏದುಸಿರು ಬಿಡುತ್ತದೆಯೇ? ತೂಕ ಏರುತ್ತಿಲ್ಲವೇ? ಮೇಲಿಂದ ಮೇಲೆ ಕಫ, ಜ್ವರ ಬರುತ್ತದೆಯೇ? ಅತ್ತಾಗ ತುಟಿ, ಉಗುರು ನೀಲಿಯಾಗುತ್ತದೆಯೇ? ಇದಕ್ಕೆಲ್ಲ ತಾಯಂದಿರು ಥಟ್ಟನೆ ಉತ್ತರ ಕೊಡುತ್ತಾರೆ. ಆಮೇಲೆ ಬರುವ ಪ್ರಶ್ನೆಗೆ ಮಾತ್ರ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ: "ನಿಮ್ಮದು ಸಂಬಂಧದಲ್ಲೇ ಆದ ಮದುವೆಯೇ?"

ನಮ್ಮ ಉತ್ತರ ಕನ್ನಡದ ಕೇಣಿಯವರಿರಲಿ, ಬೇಲೇಕೇರಿಯವರಿರಲಿ, ಕಾರವಾರದವರಿರಲಿ, ಇಲ್ಲಿ ತುಸು ತಡೆಯುವವರೇ ಹೆಚ್ಚು. "ದೂರದ ಸಂಬಂಧ" ಎಂದು ಹೇಳಿ ಮಾತು ಮುಗಿಸುತ್ತಾರೆ. ತಮ್ಮ ಮೇಲೆ ತಪ್ಪು ಹೊರಿಸುತ್ತಿದ್ದಾರೆಂಬ ಅಳುಕು ಅದು. ಆದರೆ ಈ ಪ್ರಶ್ನೆ ಡಾಕ್ಟರ ಕುತೂಹಲದಿಂದ ಹುಟ್ಟಿದ್ದಲ್ಲ. ಅದರ ಹಿಂದೆ ನಮ್ಮ ನಾಡಿನವರೇ ಮಾಡಿದ ಸಂಶೋಧನೆಯಿದೆ, ಅಚ್ಚಾದ ಪ್ರಬಂಧಗಳಿವೆ. ಅಂಥ ಪ್ರಬಂಧಗಳ ಒಂದು ಪಟ್ಟಿಯನ್ನು ಈ ಹೊತ್ತು ನಿಮ್ಮೆದುರು ಬಿಡಿಸಿಡುತ್ತೇನೆ.

ವಿಜ್ಞಾನಿಯೊಬ್ಬರ ಪ್ರಬಂಧಗಳ ಪಟ್ಟಿ ಎಂದರೆ ಸಾಮಾನ್ಯ ಓದುಗನಿಗೆ ಕಬ್ಬಿಣದ ಕಡಲೆ. ವಿಜ್ಞಾನಿಗಳು ಅದನ್ನು ಚುಟುಕಾಗಿ 'ಪೇಪರ್' ಅನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಓದುವ ಕ್ರಮ ಗೊತ್ತಾದರೆ ಆ ಪಟ್ಟಿ ಬಹಳ ಮಾತಾಡುತ್ತದೆ. ಹೆಸರುಗಳ ಸಾಲಿನಲ್ಲಿ ಮೊದಲು ಬರುವುದು ಸಾಮಾನ್ಯವಾಗಿ ಕೈಯಾರೆ ಕೆಲಸ ಮಾಡಿದ ವಿದ್ಯಾರ್ಥಿಯ ಹೆಸರು. ಕೊನೆಯದು ಪ್ರಯೋಗಾಲಯ ನಡೆಸುವ ಗುರುವಿನದು. ನಡುವೆ ಬರುವವರಲ್ಲಿ ರೋಗಿಗಳನ್ನು ನೋಡಿಕೊಂಡ ಡಾಕ್ಟರುಗಳೂ ಇರುತ್ತಾರೆ. ಶೀರ್ಷಿಕೆಯಲ್ಲಿ ಊರಿನ ಹೆಸರಿದ್ದರೆ ರಕ್ತದ ಮಾದರಿ ಕೊಟ್ಟವರು ಯಾವ ಕಡೆಯ ಜನ ಎಂಬುದೂ ತಿಳಿಯುತ್ತದೆ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎನ್. ಬಿ. ರಾಮಚಂದ್ರ ಅವರ ಪಟ್ಟಿಯನ್ನು ಹೀಗೆ ನೋಡಬಹುದು. ಅವರು ಶಸ್ತ್ರಚಿಕಿತ್ಸಕರಲ್ಲ, ಪ್ರಾಣಿಶಾಸ್ತ್ರದಿಂದ ಬಂದ ತಳಿವಿಜ್ಞಾನಿ. ಅವರ ಮೊದಲ ವರ್ಷಗಳ ಪೇಪರುಗಳಲ್ಲಿ ಮನುಷ್ಯರೇ ಇಲ್ಲ, ಇರುವುದು ಡ್ರೊಸಾಫಿಲ. ಕೊಳೆತ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣಗಳ ಬಳಗ ಅದು. ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ ಈ ನೊಣದ ಅಧ್ಯಯನಕ್ಕೆ ದೊಡ್ಡ ಪರಂಪರೆಯೇ ಇದೆ. 1986ರಲ್ಲಿ ಎಚ್. ಎ. ರಂಗನಾಥ್ ಅವರೊಂದಿಗೆ ರಾಮಚಂದ್ರ ಅವರು 'ಕ್ರೋಮೊಸೋಮಾ' ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದದ್ದು ನಸುಟ, ಅಲ್ಬೊಮಿಕಾನ ಎಂಬ ಎರಡು ನೊಣ ತಳಿಗಳ ಬಗ್ಗೆ. ಒಂದಕ್ಕೆ 8 ವರ್ಣತಂತು, ಅಂದರೆ ಕ್ರೋಮೋಸೋಮ್, ಇನ್ನೊಂದಕ್ಕೆ 6. ಇವೆರಡನ್ನೂ ಕೂಡಿಸಿದಾಗ ಹುಟ್ಟುವ ಪೀಳಿಗೆಗಳಲ್ಲಿ ವರ್ಣತಂತುಗಳು ಹೇಗೆ ಹೊಸದಾಗಿ ಜೋಡಿಕೊಳ್ಳುತ್ತವೆ ಎಂಬುದು ಅಲ್ಲಿನ ವಿಷಯ.

ಅದಾಗಿ ಇಪ್ಪತ್ತು ವರ್ಷಕ್ಕೆ, 2006ರಲ್ಲಿ, ಅದೇ ಪಟ್ಟಿಯಲ್ಲಿ ಮಕ್ಕಳ ಹೃದಯ ಕಾಣಿಸಿಕೊಳ್ಳುತ್ತದೆ. ಮೊದಲ ಲೇಖಕಿ ಸ್ಮಿತಾ ರಾಮೇಗೌಡ. ಜೊತೆಯಲ್ಲಿ ಡಿ. ನಾರಾಯಣಪ್ಪ, ಬಿ. ಕೃಷ್ಣಮೂರ್ತಿ ಅವರಂಥ ಮೈಸೂರಿನ ವೈದ್ಯರು. ಮೈಸೂರಿನಲ್ಲಿ ಹುಟ್ಟಿನಿಂದಲೇ ಬರುವ ಹೃದಯದೋಷ ಎಷ್ಟರ ಮಟ್ಟಿಗಿದೆ ಎಂಬ ಆ ಪೇಪರು 'ಇಂಡಿಯನ್ ಜರ್ನಲ್ ಆಫ್ ಹ್ಯೂಮನ್ ಜೆನೆಟಿಕ್ಸ್'ನಲ್ಲಿ ಬಂತು. ಅದೇ ವರ್ಷ ಸ್ಮಿತಾ ಮತ್ತು ರಾಮಚಂದ್ರ ಇಬ್ಬರೇ ಬರೆದ ಇನ್ನೊಂದು ಪೇಪರು 'ಆನಲ್ಸ್ ಆಫ್ ಹ್ಯೂಮನ್ ಬಯಾಲಜಿ'ಯಲ್ಲಿ ಅಚ್ಚಾಯಿತು. ಅದರ ಶೀರ್ಷಿಕೆಯಲ್ಲೇ ತೀರ್ಮಾನವಿದೆ: ತಂದೆತಾಯಿಯ ರಕ್ತಸಂಬಂಧವು ದಕ್ಷಿಣ ಭಾರತದಲ್ಲಿ ಜನ್ಮಜಾತ ಹೃದಯದೋಷಗಳನ್ನು ಹೆಚ್ಚಿಸುತ್ತದೆ.

ಈ ಕೆಲಸಕ್ಕೆ ಹಿಂದಿನ ಆಧಾರವೂ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ ಮತ್ತು ಇಂಗ್ಲೆಂಡಿನ ಎ. ಎಚ್. ಬಿಟಲ್ಸ್ ಸೇರಿ 1987ರಲ್ಲೇ ಕರ್ನಾಟಕದ ರಕ್ತಸಂಬಂಧದ ಮದುವೆಗಳಿಗೂ ಮಕ್ಕಳ ಆನುವಂಶಿಕ ಕಾಯಿಲೆಗಳಿಗೂ ಇರುವ ನಂಟಿನ ಬಗ್ಗೆ ಬರೆದಿದ್ದರು. ಇಂಥ ಮದುವೆ ಇಂದಿಗೂ ಅಪರೂಪವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರರಲ್ಲಿ ಸುಮಾರು 27 ಮದುವೆಗಳು ಸಂಬಂಧದಲ್ಲೇ ಆದವು. ಆ ಸಮೀಕ್ಷೆಯಲ್ಲಿ ನಮಗಿಂತ ಮುಂದಿದ್ದದ್ದು ತಮಿಳುನಾಡು.

ಸಂಬಂಧ ಹತ್ತಿರವಾದಷ್ಟೂ ಅಪಾಯ ಏಕೆ ಹೆಚ್ಚು? ಪ್ರತಿಯೊಂದು ಜೀನೂ ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ದೋಣಿಗೆ ಎಂಜಿನ್ ಇದ್ದರೂ ಕಡಲಿಗೆ ಹೋಗುವವರು ಒಂದು ಹುಟ್ಟನ್ನು ಒಳಗೆ ಇಟ್ಟುಕೊಂಡೇ ಹೋಗುತ್ತಾರಲ್ಲ, ಎರಡನೆಯ ಪ್ರತಿಯೂ ಹಾಗೆ. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ, ಕೆಟ್ಟದ್ದೊಂದು ಒಳಗಿದೆ ಎಂಬುದೇ ನಮಗೆ ಗೊತ್ತಾಗುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳಾದರೆ, ಆ ಅಜ್ಜನಲ್ಲಿದ್ದ ಕೆಟ್ಟ ಪ್ರತಿ ಎರಡೂ ಕಡೆಯಿಂದ ಇಳಿದು ಬಂದು ಒಂದೇ ಕೂಸಿನಲ್ಲಿ ಸೇರಬಹುದು. ಇದಕ್ಕೆ ಲೆಕ್ಕವಿದೆ. ಸೋದರಮಾವನನ್ನು ಮದುವೆಯಾದವಳ ಮಗುವಿನ ಜೀನುಗಳಲ್ಲಿ ಸರಾಸರಿ ಎಂಟರಲ್ಲಿ ಒಂದು ಪಾಲು, ಸೋದರಮಾವನ ಮಗನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾದವಳ ಮಗುವಿನಲ್ಲಿ ಹದಿನಾರರಲ್ಲಿ ಒಂದು ಪಾಲು, ಹೀಗೆ ಎರಡೂ ಪ್ರತಿ ಒಂದೇ ಮೂಲದವಾಗಿರುತ್ತವೆ. ಸಂಬಂಧ ದೂರವಾದ ಹಾಗೆ ಈ ಪಾಲು ಬೇಗ ಇಳಿಯುತ್ತದೆ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಸಂಬಂಧದಲ್ಲಿ ಮದುವೆಯಾದ ಬಹುಪಾಲು ದಂಪತಿಗಳ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಸಂಬಂಧವೇ ಇಲ್ಲದ ದಂಪತಿಗಳ ಕೂಸಿಗೂ ಹೃದಯದಲ್ಲಿ ತೂತು ಇರಬಹುದು. ಜಗತ್ತಿನಲ್ಲಿ ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳಿಗೆ ಒಂದಲ್ಲ ಒಂದು ಬಗೆಯ ಹೃದಯದೋಷ ಇರುತ್ತದೆ, ಅವುಗಳಲ್ಲಿ ತೀರ ಸಣ್ಣವೂ ಸೇರಿವೆ. ಪೇಪರು ಹೇಳುವುದು ಸಾಧ್ಯತೆ ಏರುತ್ತದೆ ಎಂದು, ಅದು ಯಾರ ಮನೆಯ ಮೇಲೂ ಕೊಟ್ಟ ತೀರ್ಪಲ್ಲ.

ಸಂಬಂಧ ಕೇಳಿ ಬರೆದುಕೊಂಡಲ್ಲಿಗೆ ಮೈಸೂರಿನವರು ನಿಲ್ಲಲಿಲ್ಲ. ಯಾವ ಜೀನು ಎಂದು ಹುಡುಕಲು ಹೊರಟರು. 2010, 2011ರ ಸುಮಾರಿಗೆ ಎಸ್. ಎಂ. ದಿನೇಶ್, ಎಲ್. ಕುಸುಮಾ ಮೊದಲಾದ ವಿದ್ಯಾರ್ಥಿಗಳ ಹೆಸರಿನಲ್ಲಿ ಸಾಲಾಗಿ ಪೇಪರುಗಳು ಬಂದವು. ಎನ್‌ಕೆಎಕ್ಸ್2-5, ಗಾಟಾ4, ಕ್ರೆಲ್ಡ್1, ಟಿಎಫ್‌ಎಪಿ2ಬಿ ಎಂಬ ಜೀನುಗಳಲ್ಲಿ ಮೈಸೂರಿನ ಹೃದಯದೋಷದ ರೋಗಿಗಳಲ್ಲಿ ಕಂಡ ಬದಲಾವಣೆಗಳು ಅವುಗಳ ವಿಷಯ. ಶೀರ್ಷಿಕೆಗಳಲ್ಲಿ 'ಮೈಸೂರು' ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ.

ಇಂಥ ಕೆಲಸ ಶುರುವಾಗುವುದು ನೇರಳೆ ಮುಚ್ಚಳದ ಒಂದು ಸಣ್ಣ ಕೊಳವೆಯಿಂದ. ಮನೆಯವರ ಒಪ್ಪಿಗೆ ಬರೆಸಿಕೊಂಡು ನಾಲ್ಕಾರು ಮಿಲಿಲೀಟರ್ ರಕ್ತ ತೆಗೆಯುತ್ತಾರೆ. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಔಷಧ ಇರುತ್ತದೆ. ಬಿಳಿ ರಕ್ತಕಣಗಳನ್ನು ಒಡೆದು, ಪ್ರೋಟೀನು ತೆಗೆದು, ತಣ್ಣನೆಯ ಆಲ್ಕೋಹಾಲ್ ಸುರಿದಾಗ ದ್ರವದಲ್ಲಿ ಬಿಳಿ ಎಳೆ ತೇಲುತ್ತದೆ. ಅದೇ ಡಿಎನ್ಎ. ಅದರಲ್ಲಿ ಬೇಕಾದ ಜೀನಿನ ಭಾಗವನ್ನಷ್ಟೇ ಪಿಸಿಆರ್ ಯಂತ್ರದಲ್ಲಿ ಕೋಟಿಗಟ್ಟಲೆ ಪ್ರತಿ ಮಾಡಿ, ಅಕ್ಷರ ಅಕ್ಷರವಾಗಿ ಓದಿಸುತ್ತಾರೆ. ಕಾಯಿಲೆಯವರ ಅಕ್ಷರಗಳನ್ನು ಅದೇ ಸೀಮೆಯ ಆರೋಗ್ಯವಂತರ ಅಕ್ಷರಗಳ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಅದೇ ಸೀಮೆಯವರು ಎನ್ನುವುದು ಮುಖ್ಯ. ಅಮೆರಿಕದವರ ರಕ್ತದೊಡನೆ ಹೋಲಿಸಿದರೆ ಕಾಣುವ ವ್ಯತ್ಯಾಸ ಕಾಯಿಲೆಯದೋ, ಕುಲದ್ದೋ ಹೇಳಲಾಗದು.

ಆ ಜೀನುಗಳಲ್ಲಿ ಎನ್‌ಕೆಎಕ್ಸ್2-5ರ ಕತೆ ಸ್ವಾರಸ್ಯದ್ದು. ನೊಣಕ್ಕೂ ಹೃದಯವಿದೆ, ಬೆನ್ನುದ್ದಕ್ಕೂ ಚಾಚಿಕೊಂಡ ಒಂದು ತೆಳು ನಾಳ. 1993ರಲ್ಲಿ ರಾಲ್ಫ್ ಬೊಡ್ಮರ್ ಎಂಬ ವಿಜ್ಞಾನಿ, ನೊಣದ ಒಂದು ಜೀನು ಕೆಟ್ಟರೆ ಆ ಹೃದಯವೇ ರೂಪುಗೊಳ್ಳುವುದಿಲ್ಲ ಎಂದು ತೋರಿಸಿದರು. ಆ ಜೀನಿಗೆ ಮನುಷ್ಯರಲ್ಲಿರುವ ಹತ್ತಿರದ ನೆಂಟನೇ ಎನ್‌ಕೆಎಕ್ಸ್2-5. 1998ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಪೇಪರು, ಈ ಜೀನು ಕೆಟ್ಟ ಕುಟುಂಬಗಳಲ್ಲಿ ಎರಡು ತೊಂದರೆ ಒಟ್ಟಿಗೆ ಬರುವುದನ್ನು ತೋರಿಸಿತು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು ಒಂದು, ಬಡಿತಕ್ಕೆ ಚಾಲನೆ ಕೊಡುವ ವಿದ್ಯುತ್ ಸಂಕೇತ ಕೆಳಗಿನ ಕೋಣೆಗಳಿಗೆ ಸರಿಯಾಗಿ ಇಳಿಯದಿರುವುದು ಇನ್ನೊಂದು. ನೊಣ ಸಾಕುವ ಕೋಣೆಯಲ್ಲಿ ಕಲಿತ ಪಾಠ ಮಕ್ಕಳ ವಾರ್ಡಿನವರೆಗೆ ಬರುವುದು ಹೀಗೆ.

ಇದರಿಂದ ಶಸ್ತ್ರಚಿಕಿತ್ಸಕರಿಗೆ ಏನು ಉಪಯೋಗ? ಅದಕ್ಕೆ ಮುನ್ನ ಅವರ ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಿ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ದೇಹದ ರಕ್ತವನ್ನು ಹೊರಗಿನ ಯಂತ್ರಕ್ಕೆ ಹರಿಸುತ್ತಾರೆ. ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಆ ಯಂತ್ರ ಮಾಡುತ್ತದೆ. ಪೊಟ್ಯಾಸಿಯಂ ಇರುವ ತಣ್ಣನೆಯ ದ್ರವ ಹಾಯಿಸಿದಾಗ ಹೃದಯ ಬಡಿಯುವುದನ್ನು ನಿಲ್ಲಿಸಿ ಸುಮ್ಮನಾಗುತ್ತದೆ. ಕೋಣೆ ತೆರೆದು ತೂತು ಹುಡುಕುತ್ತಾರೆ. ಹೃದಯದ ಸುತ್ತಲಿನ ಪೊರೆಯಿಂದಲೇ ಒಂದು ತುಣುಕು ಕತ್ತರಿಸಿ, ಇಲ್ಲವೇ ಕೃತಕ ಬಟ್ಟೆಯ ತುಣುಕು ತೆಗೆದುಕೊಂಡು, ತೂತಿನ ಅಂಚಿಗೆ ಹೊಲಿಯುತ್ತಾರೆ. ಕೆಳಗಿನ ಕೋಣೆಗಳ ನಡುವಿನ ತೂತಾದರೆ, ವಿದ್ಯುತ್ ಸಂಕೇತ ಸಾಗುವ ನರದಂಥ ಎಳೆ ಅಂಚಿಗೆ ತೀರ ಹತ್ತಿರ ಹಾದುಹೋಗಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಒಂದು ಹೊಲಿಗೆ ತಪ್ಪಿದರೆ ಕೂಸಿಗೆ ಜೀವನಪೂರ್ತಿ ಪೇಸ್‌ಮೇಕರ್ ಬೇಕಾದೀತು.

ಹೃದಯ, ಶ್ವಾಸಕೋಶದ ಕೆಲಸ ಮಾಡುವ ಈ ಬಗೆಯ ಯಂತ್ರವನ್ನು ಅಮೆರಿಕದ ಜಾನ್ ಗಿಬ್ಬನ್ 1953ರ ಮೇ 6ರಂದು 18 ವರ್ಷದ ಹುಡುಗಿಯೊಬ್ಬಳ ಹೃದಯದ ತೂತು ಮುಚ್ಚಲು ಬಳಸಿ ಗೆದ್ದರು. ನಮ್ಮ ದೇಶದಲ್ಲಿ 1962ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ನಾಗರೂರು ಗೋಪಿನಾಥ್ ಅವರು ತೆರೆದ ಹೃದಯದ ಶಸ್ತ್ರಚಿಕಿತ್ಸೆ ಯಶಸ್ವಿಯಾಗಿ ನಡೆಸಿದರು. 2001ರಲ್ಲಿ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಕಿನ್ನಿಗೋಳಿ ಮೂಲದ ಡಾ. ದೇವಿ ಶೆಟ್ಟಿ ಅವರು ನಾರಾಯಣ ಹೃದಯಾಲಯ ಕಟ್ಟಿದ ಮೇಲೆ ಸಾಮಾನ್ಯರ ಮನೆಯ ಮಕ್ಕಳಿಗೂ ಈ ಚಿಕಿತ್ಸೆ ಎಟುಕುವಂತಾಯಿತು. ಈಗ ಕೆಲವು ತೂತುಗಳನ್ನು ಎದೆ ಸೀಳದೆ, ತೊಡೆಯ ರಕ್ತನಾಳದಿಂದ ಕೊಳವೆ ತೂರಿಸಿ, ಛತ್ರಿಯ ಆಕಾರದ ಸಣ್ಣ ಸಾಧನ ಕೂರಿಸಿ ಮುಚ್ಚುತ್ತಾರೆ.

ಜೀನಿನ ಪೇಪರು ನೆರವಿಗೆ ಬರುವುದು ಇಲ್ಲಿಯೇ. ತೂತು ಮುಚ್ಚಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು. ಆದರೆ ಎನ್‌ಕೆಎಕ್ಸ್2-5 ಕೆಟ್ಟಿರುವ ಮಗುವಿನಲ್ಲಿ ತೂತು ಮುಚ್ಚಿ ವರ್ಷಗಳಾದ ಮೇಲೂ ವಿದ್ಯುತ್ ಸಂಕೇತ ಮೆಲ್ಲಗೆ ಕೆಡುತ್ತ ಹೋಗಬಹುದು, ಹಠಾತ್ ಸಾವಿನ ಅಪಾಯವೂ ಇದೆ. ಅಂಥ ಮಗುವನ್ನು ಆಗಾಗ ಇಸಿಜಿ ಮಾಡಿ ನೋಡಬೇಕು. ಮನೆಯಲ್ಲಿ ಬೇರೆಯವರನ್ನೂ ನೋಡಬೇಕು. ಹೊಲಿದದ್ದು ಒಂದು ಕೂಸಿನ ಹೃದಯವಾದರೂ ತಿಳಿದುಕೊಂಡದ್ದು ಇಡೀ ಮನೆತನಕ್ಕೆ ಸಲ್ಲುತ್ತದೆ. ಹಾಗಾಗಿ ತಳಿವಿಜ್ಞಾನಿಯ ಪೇಪರಿಗೂ ಶಸ್ತ್ರಚಿಕಿತ್ಸಕರ ಸೂಜಿಗೂ ನಡುವೆ ಮೇಲು ಕೀಳು ಹುಡುಕುವುದರಲ್ಲಿ ಅರ್ಥವಿಲ್ಲ.

ಪೇಪರು ಎಂದರೆ ಕಡೆಯ ಮಾತು ಎಂದೂ ತಿಳಿಯಬಾರದು. 2009ರಲ್ಲಿ 'ನೇಚರ್ ಜೆನೆಟಿಕ್ಸ್'ನಲ್ಲಿ ಬಂದ ಪೇಪರು ದೊಡ್ಡ ಸುದ್ದಿ ಮಾಡಿತು. ಹೈದರಾಬಾದಿನ ಕೆ. ತಂಗರಾಜ್ ಅವರ ಬಳಗದ ಕೆಲಸ ಅದು. ಮೊದಲ ಲೇಖಕ ಪಿ. ಎಸ್. ದಂಡಪಾಣಿ ಆಮೇಲೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಹೃದಯದ ಸಂಶೋಧನೆ ಮುಂದುವರಿಸಿದರು. ಹೃದಯದ ಸ್ನಾಯುವಿಗೆ ಬೇಕಾದ ಒಂದು ಪ್ರೋಟೀನಿನ ಜೀನಿನಲ್ಲಿ ಬರೇ 25 ಅಕ್ಷರಗಳು ಕಳೆದುಹೋಗಿರುವುದು ದಕ್ಷಿಣ ಏಷ್ಯಾದ ನೂರು ಜನರಲ್ಲಿ ಸುಮಾರು ನಾಲ್ವರಲ್ಲಿ ಕಂಡುಬರುತ್ತದೆ, ವಯಸ್ಸಾದಂತೆ ಅವರಿಗೆ ಹೃದಯ ವೈಫಲ್ಯದ ಅಪಾಯ ಹೆಚ್ಚು ಎಂದು ಅದು ಹೇಳಿತು. 2018ರಲ್ಲಿ ಅಮೆರಿಕದಲ್ಲಿರುವ ದಕ್ಷಿಣ ಏಷ್ಯಾದವರನ್ನು ನೋಡಿದ ಇನ್ನೊಂದು ಪೇಪರು ಬಂತು. ಆ 25 ಅಕ್ಷರ ಕಳೆದುಕೊಂಡವರಲ್ಲಿ ಕೆಲವರಿಗೆ ಅದೇ ಜೀನಿನಲ್ಲಿ ಇನ್ನೂ ಒಂದು ಬದಲಾವಣೆ ಇರುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದಿತು. ಮೊದಲ ಮಾತು ಸುಳ್ಳಾಗಲಿಲ್ಲ, ಇನ್ನಷ್ಟು ನಿಖರವಾಯಿತು. ಮೈಸೂರಿನ ಪೇಪರುಗಳನ್ನೂ ಹೀಗೆಯೇ ಓದಬೇಕು. ಒಂದು ಊರಿನ ರೋಗಿಗಳಲ್ಲಿ ಕಂಡದ್ದನ್ನು ಬೇರೆ ಊರಿನವರಲ್ಲಿ ನೋಡಿ ಖಚಿತ ಮಾಡಿಕೊಳ್ಳದೆ ನಾಳೆಯೇ ಪರೀಕ್ಷೆ, ಔಷಧ ಎಂದು ಹೊರಡುವ ಹಾಗಿಲ್ಲ. ಜೀನ್ ಪರೀಕ್ಷೆಯ ಜಾಹೀರಾತು ನೋಡಿ ಸಾವಿರಾರು ರೂಪಾಯಿ ಸುರಿಯುವ ಮುನ್ನ ನಿಮ್ಮ ಡಾಕ್ಟರನ್ನು ಕೇಳಿ.

ಇನ್ನು ತಾಯಂದಿರಿಗೆ. ಕೂಸಿನ ಹೃದಯದಲ್ಲಿ ತೂತು ಎಂದ ಕೂಡಲೇ ಮನೆಯಲ್ಲಿ ಶುರುವಾಗುವ ಮಾತು ನಿಮಗೆ ಗೊತ್ತು. ಗ್ರಹಣದ ಹೊತ್ತಿಗೆ ಹೊರಗೆ ಬಂದಳು, ಏನೋ ಕತ್ತರಿಸಿದಳು, ಬೇಡದ್ದು ತಿಂದಳು. ಗರ್ಭ ನಿಂತ ಸುಮಾರು ಮೂರನೆಯ ವಾರದಲ್ಲೇ ಭ್ರೂಣದ ಹೃದಯ ಮಿಡಿಯಲು ತೊಡಗುತ್ತದೆ, ಎಂಟನೆಯ ವಾರದ ಹೊತ್ತಿಗೆ ನಾಲ್ಕು ಕೋಣೆಗಳೂ ಮೂಡಿರುತ್ತವೆ. ಮುಟ್ಟು ನಿಂತದ್ದು ಗಮನಕ್ಕೆ ಬಂದು, ಪರೀಕ್ಷೆ ಮಾಡಿಸಿ, ತವರಿಗೆ ಸುದ್ದಿ ಮುಟ್ಟಿಸುವಷ್ಟರಲ್ಲಿ ಹೃದಯ ಬಹುಮಟ್ಟಿಗೆ ರೂಪುಗೊಂಡು ಮುಗಿದಿರುತ್ತದೆ. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಸಂಬಂಧ ಇರುವುದು ಬೇರೆಯವುಗಳಿಗೆ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿದರೆ ಕೂಸಿನ ಕಣ್ಣು, ಕಿವಿ, ಹೃದಯ ಕೆಡಬಹುದು. ರುಬೆಲ್ಲಾದಿಂದ ಕಣ್ಣಿನ ಪೊರೆಯೊಡನೆ ಹೃದಯದೋಷವೂ ಬರುವುದನ್ನು ಆಸ್ಟ್ರೇಲಿಯಾದ ನಾರ್ಮನ್ ಗ್ರೆಗ್ 1941ರಲ್ಲೇ ಗುರುತಿಸಿದ್ದರು. ದೇಶದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ 2017ರ ಫೆಬ್ರುವರಿಯಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು, ಪಕ್ಕದ ಗೋವಾವೂ ಇತ್ತು. ಗರ್ಭಿಣಿಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೂ ಹೃದಯದೋಷದ ಅಪಾಯ ಹೆಚ್ಚು. ಮಕ್ಕಳು ಬೇಕೆಂದು ಬಯಸುವಾಗಲೇ ಡಾಕ್ಟರ ಸಲಹೆಯಂತೆ ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಳ್ಳುವುದು, ಸಕ್ಕರೆ ನೋಡಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಮದುವೆ ಮಾತುಕತೆಯ ಹೊತ್ತಿಗೆ ಜಾತಕದ ಜೊತೆಗೆ ಎರಡೂ ಮನೆಗಳ ಕಾಯಿಲೆಯ ಚರಿತ್ರೆಯನ್ನೂ ನೋಡುವ ರೂಢಿ ಬರಲಿ. ಹಿಂದೆ ಮನೆಯಲ್ಲಿ ನೀಲಿಗಟ್ಟಿದ ಕೂಸು ಹುಟ್ಟಿತ್ತೇ, ಎಳೆಯ ಪ್ರಾಯದಲ್ಲಿ ಯಾರಾದರೂ ಹಠಾತ್ತಾಗಿ ತೀರಿಕೊಂಡರೇ ಎಂದು ಅಜ್ಜಿಯಂದಿರನ್ನು ಕೇಳಿ ಬರೆದಿಡಿ. ಸಂಬಂಧದಲ್ಲಿ ಮದುವೆ ಈಗಾಗಲೇ ಆಗಿದ್ದರೆ ಭಯ ಬೇಡ. ಗರ್ಭಿಣಿಯಾದಾಗ ಡಾಕ್ಟರಿಗೆ ಆ ವಿಷಯ ತಿಳಿಸಿದರೆ, ಹದಿನೆಂಟರಿಂದ ಇಪ್ಪತ್ತೆರಡನೆಯ ವಾರದೊಳಗೆ ಸ್ಕ್ಯಾನ್ ಮಾಡುವಾಗ ಭ್ರೂಣದ ಹೃದಯವನ್ನು ವಿಶೇಷವಾಗಿ ನೋಡುತ್ತಾರೆ. ಹುಟ್ಟುವ ಮುಂಚೆಯೇ ದೋಷ ಗೊತ್ತಾದರೆ ಹೆರಿಗೆ ಎಲ್ಲಿ ಆಗಬೇಕು ಎಂಬುದನ್ನು ನಿರ್ಧರಿಸಬಹುದು. ನಮ್ಮ ಜಿಲ್ಲೆಯವರಿಗೆ ಇದು ಇನ್ನೂ ಮುಖ್ಯ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದಿದೆ, ನಿಜ. ಆದರೆ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು. ಕೂಸಿನ ಹೃದಯದ ಶಸ್ತ್ರಚಿಕಿತ್ಸೆ ಎಂದರೆ ಇಂದಿಗೂ ನಮ್ಮವರ ಕಣ್ಣು ಹೋಗುವುದು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ, ಬೆಂಗಳೂರಿನ ಕಡೆಗೆ. ಅಷ್ಟು ದೂರ ಸಾಗಿಸಬೇಕಾದಾಗ ಮುಂಚೆ ಗೊತ್ತಾದ ಒಂದು ದಿನವೂ ಜೀವ ಉಳಿಸುತ್ತದೆ.

ಹುಟ್ಟಿದ ಮೇಲೆ ಪತ್ತೆ ಹಚ್ಚಲೂ ವ್ಯವಸ್ಥೆಯಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತಾರೆ. ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತದೆ. ಜನ್ಮಜಾತ ಹೃದಯದೋಷ ಅವರು ನೋಡುವ ತೊಂದರೆಗಳ ಪಟ್ಟಿಯಲ್ಲೇ ಇದೆ, ಸಂಶಯ ಬಂದರೆ ಮುಂದಿನ ಪರೀಕ್ಷೆ ಮತ್ತು ಚಿಕಿತ್ಸೆಗೂ ದಾರಿ ಮಾಡಿಕೊಡುತ್ತಾರೆ. ತಂಡ ಬರುವ ದಿನ ಕೂಸಿಗೆ ನೆಗಡಿ ಎಂದೋ, ಮನೆಯಲ್ಲಿ ಕೆಲಸ ಎಂದೋ ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳಬೇಡಿ. ಎಕೋ ಪರೀಕ್ಷೆಯ ಚೀಟಿ, ಇಸಿಜಿ ಕಾಗದ, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಹಾಳೆ, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ರೇಷನ್ ಕಾರ್ಡಿನ ಜೊತೆಗೇ ಇಡಿ. ಮಳೆಗಾಲದಲ್ಲಿ ನೆಂದು ಹೋದ ರಿಪೋರ್ಟಿನಿಂದ ಯಾವ ಡಾಕ್ಟರಿಗೂ ಉಪಯೋಗವಿಲ್ಲ.

ಕಡೆಯದಾಗಿ ಅಂಕೋಲೆ, ಕಾರವಾರದ ಕಾಲೇಜುಗಳಲ್ಲಿ ವಿಜ್ಞಾನ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ನಾನು ಹೇಳಿದ ಪೇಪರುಗಳ ಶೀರ್ಷಿಕೆಯಲ್ಲಿ ಮೈಸೂರಿದೆ, ನಮ್ಮ ಕರಾವಳಿ ಇಲ್ಲ. ಇಲ್ಲಿನ ಹಾಲಕ್ಕಿಗಳು, ಹರಿಕಂತ್ರರು, ನಾಡವರು, ಕೋಮಾರಪಂತರು, ಸಿದ್ದಿಗಳು ಮದುವೆ ಸಂಬಂಧ ಬೆಳೆಸುವ ರೀತಿ ಒಂದೊಂದು ಬಗೆ. ಮೈಸೂರಿನಲ್ಲಿ ಸಿಕ್ಕ ಉತ್ತರ ಇಲ್ಲಿಗೆ ಹಾಗೆ ಹಾಗೇ ಹೊಂದುತ್ತದೆ ಎಂದು ಹೇಳಲಾಗದು. ಉತ್ತರ ಕನ್ನಡದ ಮಕ್ಕಳ ಹೃದಯದ ಬಗ್ಗೆ ಹೀಗೆ ಸಾಲು ಸಾಲು ಪೇಪರು ಬರೆಯಬಲ್ಲವರು ನಿಮ್ಮೊಳಗೇ ಇದ್ದಾರೆ. ಅಂಥವರು ಒಪ್ಪಿಗೆ ಪತ್ರ ಹಿಡಿದು ಮನೆ ಬಾಗಿಲಿಗೆ ಬಂದಾಗ, ಏಕೆ, ಏನು ಎಂದು ಚೆನ್ನಾಗಿ ಕೇಳಿ ತಿಳಿದುಕೊಂಡು, ಮನಸ್ಸಿಗೆ ಒಪ್ಪಿದರೆ ನಾಲ್ಕು ಹನಿ ರಕ್ತವನ್ನೂ ಮನೆತನದ ನಿಜವಾದ ವಿವರವನ್ನೂ ಕೊಡುವುದು ನಮ್ಮ ಕೆಲಸ.